ಪ್ರತಿಭೆಗೂ ಸಂಗಡಿಗರು ಬೇಕು

ಜಾಣ ಮಗುವಿಗೆ ಪುಸ್ತಕವೊಂದಿದ್ದರೆ ಸಾಕು, ಗೆಳೆಯರೇತಕ್ಕೆ ಎಂಬ ಮಾತು ನಮ್ಮ ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ. ಮೆಚ್ಚುಗೆಯಂತೆ ತೋರಿದರೂ ಇದು ಉಪೇಕ್ಷೆಯೇ ಸರಿ. ಐದನೆಯ ತರಗತಿಯಲ್ಲಿದ್ದುಕೊಂಡು ಬೀಜಗಣಿತದಲ್ಲಿ ಮನಸ್ಸಿಟ್ಟ ಬಾಲಕನು ಬಿಡುವಿನ ವೇಳೆಯಲ್ಲಿ ಯಾರೊಡನೆ ಮಾತನಾಡಬೇಕು? ಸಹಪಾಠಿಗಳು ನಗುತ್ತಾರೆ, ಹಿರಿಯರು ಬೆನ್ನು ತಟ್ಟಿ ಮುಂದೆ ಸಾಗುತ್ತಾರೆ. ಕೆಲಕಾಲದಲ್ಲಿಯೇ ಆತನು ತಿಳಿದುದನ್ನು ತಿಳಿಯದವನಂತೆ ನಟಿಸಲು ಕಲಿಯುತ್ತಾನೆ. ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುವುದಕ್ಕಿಂತ ಇದು ಎಷ್ಟೋ ದೊಡ್ಡ ನಷ್ಟ.

ಅಂತಹವನನ್ನು ಒಂದೆರಡು ತರಗತಿ ಮೇಲೇರಿಸಿದರಾಯಿತು ಎನ್ನುವವರಿದ್ದಾರೆ. ಲೆಕ್ಕದಲ್ಲಿ ಹದಿಮೂರರ ಪ್ರೌಢಿಮೆಯುಳ್ಳವನು ಕಬಡ್ಡಿಯಲ್ಲಿಯೂ ಅಳುವಿನಲ್ಲಿಯೂ ಹತ್ತು ವರ್ಷದವನೇ ಆಗಿರಬಹುದಲ್ಲವೆ? ಎಲ್ಲಕ್ಕೂ ಒಬ್ಬನೇ ಗೆಳೆಯ ದೊರೆಯಬೇಕೆಂಬ ಹಟ ಬೇಡ. ಆಟಕ್ಕೆ ಓರಗೆಯವರಿರಲಿ, ವಿಚಾರಕ್ಕೆ ಅಭಿರುಚಿ ಕೂಡುವವರಿರಲಿ. ಇವರ ವಯಸ್ಸು ಹೆಚ್ಚುಕಡಮೆಯಾದರೆ ಬಾಧಕವಿಲ್ಲ.

ನಮ್ಮ ಸೀಮೆಗೆ ಇದು ಹೊಸತಲ್ಲ. ಕಾರ್ಕಡ ಶ್ರೀನಿವಾಸ ಉಡುಪರೂ ಎಚ್. ಶ್ರೀಧರ ಹಂದೆಯವರೂ 1975ರಲ್ಲಿ ಸಾಲಿಗ್ರಾಮದಲ್ಲಿ ಮಕ್ಕಳ ಮೇಳವನ್ನು ಕಟ್ಟಿದರು. ಯಕ್ಷಗಾನದ ಚೌಕಿಯಲ್ಲಿ ನೀನು ಎಷ್ಟನೆಯ ತರಗತಿಯೆಂದು ಕೇಳುವವರಿಲ್ಲ. ತಾಳ ತಪ್ಪದೆ ಹೆಜ್ಜೆ ಹಾಕಬಲ್ಲೆಯಾ ಎಂಬುದಷ್ಟೇ ಪ್ರಶ್ನೆ. ಮಾತಿಗೆ ಮಾತು ಕೊಡುವ ಎದುರು ವೇಷಧಾರಿ ಅಲ್ಲಿ ಸಹಜವಾಗಿಯೇ ದೊರೆಯುತ್ತಾನೆ. ಕುಣಿತದ ಹುಚ್ಚಿನ ಹುಡುಗನಿಗೆ ದೊರೆತ ಈ ಭಾಗ್ಯವು ಗಣಿತದ ಹುಚ್ಚಿನ ಹುಡುಗಿಗೆ ಎಲ್ಲಿದೆ? ರಾಮಾನುಜನ್ನರಂತಹ ಮೇಧಾವಿಯೂ ತಮ್ಮ ಗಣಿತವನ್ನು ಅರಿಯಬಲ್ಲವರನ್ನು ಅರಸಿ 1913ರಲ್ಲಿ, ಇಪ್ಪತ್ತೈದರ ಪ್ರಾಯದಲ್ಲಿ, ದೂರದ ಕೇಂಬ್ರಿಜ್ಜಿನ ಹಾರ್ಡಿಯವರಿಗೆ ಕಾಗದ ಬರೆಯಬೇಕಾಯಿತು.

ಪ್ರತಿಭಾ ಕಾರಂಜಿ ಇದೆಯಲ್ಲ ಎನ್ನಬಹುದು. ಸ್ಪರ್ಧೆಗೆ ಬಂದ ಮಕ್ಕಳು ಬಹುಮಾನವನ್ನು ನೋಡುತ್ತಾರೆ, ಪರಸ್ಪರರನ್ನಲ್ಲ. ಸರದಿ ಮುಗಿಯಿತೆಂದರೆ ವ್ಯಾನು ಹತ್ತಿ ಹೊರಡುತ್ತಾರೆ. ಗೆಳೆತನಕ್ಕೆ ಬೇಕಾದುದು ಪುರುಸೊತ್ತು. ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರೂ ಪೇಟೆಗಳು ಒಂದೇ ಹೆದ್ದಾರಿಯ ಮೇಲಿವೆ, ನಡುವೆ ಕುಂದಾಪುರ. ಮೂರೂ ತಾಲೂಕಿನ ಶಾಲೆಗಳು ಕೂಡಿ ತಿಂಗಳಿಗೊಂದು ಶನಿವಾರದ ಅಪರಾಹ್ಣ ಅಲ್ಲಿ ಒಂದು ಕೊಠಡಿಯನ್ನು ತೆರೆದಿಡಲಿ. ಒಂದು ಕರಿಹಲಗೆ, ನಾಲ್ಕಾರು ಚದುರಂಗದ ಮಣೆ, ಸುಮ್ಮನೆ ಕುಳಿತು ಕೇಳಬಲ್ಲ ನಿವೃತ್ತ ಉಪಾಧ್ಯಾಯರೊಬ್ಬರು, ಇಷ್ಟು ಸಾಕು. ಅಂಕಪಟ್ಟಿ, ಪದಕ, ಭಾಷಣಗಳು ಬೇಡ. ಬಡ ಮನೆಯ ಮಗುವಿನ ಬಸ್ಸಿನ ಖರ್ಚನ್ನು ಶಾಲೆಯೇ ವಹಿಸಬೇಕು. ಕತ್ತಲಾಗುವ ಮುನ್ನ ಮಕ್ಕಳು ಮನೆ ಸೇರುವಂತೆ ವೇಳೆಯನ್ನು ಗೊತ್ತುಪಡಿಸಬೇಕು, ಇಲ್ಲವಾದರೆ ಹೆಣ್ಣುಮಕ್ಕಳನ್ನು ಕಳುಹಿಸಲು ತಾಯಂದಿರು ಒಪ್ಪಲಾರರು.