ದಾರಿಯ ಯೋಗಕ್ಷೇಮ

ಬಂಧುಗಳನ್ನು ಕಂಡಾಗ ಯೋಗಕ್ಷೇಮವನ್ನು ವಿಚಾರಿಸುವುದು ನಮ್ಮಲ್ಲಿ ವಾಡಿಕೆ. ಆ ಮಾತಿನಲ್ಲಿ ಎರಡು ಅರ್ಥಗಳು ಕೂಡಿಕೊಂಡಿರುವುದನ್ನು ನೆನೆಯುವವರು ವಿರಳ. ಇಲ್ಲದುದನ್ನು ಸಂಪಾದಿಸುವುದು ಯೋಗ. ಸಂಪಾದಿಸಿದುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಮನೆಯನ್ನು ಕಟ್ಟಿಸುವುದು ಯೋಗವಾದರೆ, ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವುದು ಕ್ಷೇಮ. ಗೃಹಪ್ರವೇಶಕ್ಕೆ ನೂರಾರು ಮಂದಿ ಬರುವರು. ಹೆಂಚು ಕೈಯಾಡಿಸುವ ದಿನ ಏಣಿ ಹಿಡಿಯಲು ಒಬ್ಬರೂ ಸಿಕ್ಕುವುದಿಲ್ಲ. ರಾಜ್ಯದ ಹೆದ್ದಾರಿಗಳ ಸಂಗತಿಯೂ ಹೀಗೆಯೇ ಸರಿ.

ಈ ಹೆದ್ದಾರಿಗಳನ್ನು ನೋಡಿಕೊಳ್ಳತಕ್ಕದ್ದು ಲೋಕೋಪಯೋಗಿ ಇಲಾಖೆ. ಹಳೆಯ ಮೈಸೂರಿನಲ್ಲಿ ಅದು ಏರ್ಪಟ್ಟುದು ಕಮೀಷನರ್ ಮಾರ್ಕ್ ಕಬ್ಬನ್ನರ ಕಾಲದಲ್ಲಿ, 1856ರಲ್ಲಿ. ಅದಕ್ಕೆ ಹಿಂದೆ ಇದ್ದುದಕ್ಕೆ ಮರಾಮತ್ತು ಇಲಾಖೆಯೆಂದು ಹೆಸರು. ಮರಾಮತ್ತೆಂದರೆ ಕೆಟ್ಟುದನ್ನು ಸರಿಪಡಿಸುವುದು. ಹೆಸರಿನಲ್ಲಾದರೂ ಆಗ ಕ್ಷೇಮಕ್ಕೆ ಅಗ್ರಸ್ಥಾನವಿದ್ದಿತು. ಮುಂದೆ 1943ರಲ್ಲಿ ದೇಶದ ಮುಖ್ಯ ಇಂಜಿನಿಯರುಗಳು ನಾಗಪುರದಲ್ಲಿ ಸಭೆ ಸೇರಿ ರಸ್ತೆಗಳನ್ನು ರಾಷ್ಟ್ರೀಯ, ಪ್ರಾಂತೀಯ, ಜಿಲ್ಲಾ, ಗ್ರಾಮ ಎಂದು ವರ್ಗ ಮಾಡಿದರು. ಕಿಲೋಮೀಟರ್ ಕಲ್ಲಿನ ತಲೆ ಹಳದಿಯಾಗಿದ್ದರೆ ಅದು ರಾಷ್ಟ್ರೀಯ ಹೆದ್ದಾರಿ, ಹಸುರಾಗಿದ್ದರೆ ರಾಜ್ಯ ಹೆದ್ದಾರಿ. ಪ್ರಯಾಣದಲ್ಲಿ ಮಕ್ಕಳಿಗೆ ತೋರಿಸಿಕೊಡಬಹುದಾದ ಗುರುತಿದು.

ರಸ್ತೆಗೆ ಪರಮಶತ್ರು ಯಾವುದು? ಭಾರದ ಲಾರಿಯೆಂದು ಅನೇಕರು ಹೇಳುವರು. ಅದೂ ನಿಜವೇ, ಆದರೆ ಅದಕ್ಕೂ ಮಿಗಿಲಾದ ಶತ್ರು ನಿಂತ ನೀರು. ಆದುದರಿಂದಲೇ ರಸ್ತೆಯ ನಡುಭಾಗವನ್ನು ಆಮೆಯ ಬೆನ್ನಿನಂತೆ ತುಸು ಎತ್ತರಿಸಿ, ಎರಡು ಮಗ್ಗುಲಿಗೂ ಚರಂಡಿ ತೆಗೆದು, ಅಡ್ಡಲಾಗಿ ಮೋರಿ ಕಟ್ಟುವರು. ಚರಂಡಿ ಕಟ್ಟಿಕೊಂಡರೆ ನೀರು ಡಾಂಬರಿನ ಬಿರುಕುಗಳಲ್ಲಿ ಇಳಿದು ಕೆಳಗಿನ ಜಲ್ಲಿಯನ್ನೂ ಮಣ್ಣನ್ನೂ ಸಡಿಲಗೊಳಿಸುವುದು. ಅನಂತರ ಹಗುರವಾದ ಗಾಡಿಯೂ ಗುಂಡಿ ತೋಡಬಲ್ಲುದು. 2019ರ ಆಗಸ್ಟಿನ ಮಳೆಯಲ್ಲಿ ಚಾರ್ಮಾಡಿ ಘಟ್ಟದ ರಸ್ತೆ ಕುಸಿದು ಸಂಚಾರವೇ ನಿಂತುಹೋದುದನ್ನು ವಾಚಕರು ಮರೆತಿರಲಾರರು. ಅಂತಹ ಮಹಾವೃಷ್ಟಿಯನ್ನು ತಡೆಯುವುದು ಮನುಷ್ಯರ ಕೈಯಲ್ಲಿಲ್ಲ. ಮನೆಯ ಮುಂದಿನ ಚರಂಡಿಯಾದರೋ ನಮ್ಮ ಕೈಯಲ್ಲಿಯೇ ಇದೆ.

ಇದನ್ನು ನಾವು ತಡವಾಗಿ ಕಲಿತೆವು. ನಮ್ಮ ಮನೆ ಇರುವುದು ರಾಜ್ಯ ಹೆದ್ದಾರಿಯ ಬದಿಯಲ್ಲಿ. ಕೆಲವು ವರ್ಷಗಳ ಕೆಳಗೆ, ಮಗನ ಕಾರು ಅಂಗಳಕ್ಕೆ ಸಲೀಸಾಗಿ ಬರಲೆಂದು, ಚರಂಡಿಗೆ ಮಣ್ಣು ತುಂಬಿಸಿ ಮೇಲೆ ಚಪ್ಪಡಿ ಹಾಸಿಸಿದೆವು. ಎರಡನೆಯ ಮಳೆಗಾಲಕ್ಕೆ ಮನೆಯೆದುರು ಮೊಳದುದ್ದದ ಗುಂಡಿ ಬಿದ್ದಿತು. ಇಲಾಖೆಯನ್ನು ಮನಸಾರೆ ನಿಂದಿಸಿ ಅರ್ಜಿಯನ್ನೂ ಬರೆದೆವು. ಅಷ್ಟರಲ್ಲಿ ಒಂದು ಮುಂಜಾನೆ, ನಮಗೆ ಹಾಲು ತರುತ್ತಿದ್ದ ಹುಡುಗನು ಸೈಕಲ್ಲಿನೊಡನೆ ಆ ಗುಂಡಿಯಲ್ಲಿ ಬಿದ್ದು ಕೈ ಮುರಿದುಕೊಂಡನು. ಆ ವಾರ ಗುಂಡಿ ಮುಚ್ಚಲು ಬಂದ ಮೇಸ್ತ್ರಿಯು ಜಲ್ಲಿ ಸುರಿಯುವ ಮುನ್ನ ನಮ್ಮ ಚಪ್ಪಡಿಯನ್ನು ನೋಡಿ, “ಮೇಷ್ಟ್ರೇ, ಇದನ್ನ ತೆಗೆಸದೇ ಇದ್ರೆ ಬರೋ ವರ್ಷಾನೂ ನಾವು ಇಲ್ಲಿಗೇ ಬರಬೇಕಾಗ್ತದೆ” ಎಂದನು. ಜೀವಮಾನವೆಲ್ಲ ಪರರ ತಪ್ಪುಗಳಿಗೆ ಕೆಂಪು ಗೆರೆ ಎಳೆದ ನಮಗೆ ಮಾತು ಹೊರಡಲಿಲ್ಲ.

ಮಣ್ಣು ತೆಗೆಸಿದೆವು, ಅಪ್ಪಣೆ ಪಡೆದು ನೀರು ಹರಿಯುವಂತೆ ಕೊಳವೆ ಹಾಕಿಸಿದೆವು. ಹುಡುಗನ ಕೈ ಕೂಡಿಕೊಂಡಿತು. ಅವನು ನಮ್ಮನ್ನು ದೂರಲಿಲ್ಲ. ಬಿದ್ದುದಕ್ಕೆ ಕಾರಣರಾರೆಂದು ಅವನಿಗೆ ತಿಳಿಯದು. ನಾವೇ ಅವನ ಮನೆಗೆ ಹೋಗಿ ತಾಯಿಗೆ ಹೇಳಿದೆವು. ಹೇಳದೆ ಇರುವುದು ಚರಂಡಿ ಮುಚ್ಚಿದುದಕ್ಕಿಂತ ದೊಡ್ಡ ತಪ್ಪಾಗುತ್ತಿದ್ದಿತು.

ಒತ್ತುವರಿಯನ್ನು ತಡೆಯಲು 1964ರ ಕರ್ನಾಟಕ ಹೆದ್ದಾರಿಗಳ ಅಧಿನಿಯಮವಿದೆ. ಆದರೆ ಪ್ರತಿಯೊಂದು ಬಾಗಿಲಿಗೂ ಒಬ್ಬ ಅಧಿಕಾರಿಯನ್ನು ಕಾವಲಿರಿಸಲಾದೀತೆ? ಹೊಸ ರಸ್ತೆಯ ಉದ್ಘಾಟನೆಗೆ ಹಾರ ತುರಾಯಿಗಳಿವೆ. ಹೂಳು ತೆಗೆಯುವವನಿಗೆ ಯಾರೂ ಹಾರ ಹಾಕರು. ಇಲಾಖೆಯು ತನ್ನ ಮರಾಮತ್ತಿನಲ್ಲಿ ತಪ್ಪಿದರೆ ಅವಶ್ಯವಾಗಿ ಕೇಳೋಣ. ಆದರೆ ಮುಂಗಾರಿಗೆ ಮುಂಚೆ ಗೃಹಸ್ಥರೂ ಗೃಹಿಣಿಯರೂ ಒಮ್ಮೆ ಬಾಗಿಲಾಚೆ ಬಂದು ನಿಂತು, ನೀರಿಗೆ ದಾರಿಯಿದೆಯೇ ಎಂದು ನೋಡಲಿ. ರಾಗಿಯನ್ನೋ ಹುರುಳಿಯನ್ನೋ ಒಕ್ಕಣೆಗಾಗಿ ರಸ್ತೆಯ ಮೇಲೆ ಹರಡುವವರು, ಅದರ ಮೇಲೆ ಜಾರಿ ಬೀಳುವವನೂ ಒಂದು ಮನೆಯ ಮಗನೆಂಬುದನ್ನು ನೆನೆಯಲಿ. ದಾರಿಯ ಯೋಗವು ಸರಕಾರದಿಂದಾಗಬೇಕು. ಕ್ಷೇಮದಲ್ಲಿ ನಮ್ಮ ಪಾಲೂ ಉಂಟು.