ಬೇಗ ಮುಗಿಯುವ ಪದವಿ, ಬೇಗ ಬರುವ ಕಂತು

ಕಾಲೇಜು ಓದುವ ಮಕ್ಕಳಿರುವ ನಮ್ಮ ಬಂಧುಗಳು ಈಚೆಗೆ ಸಂಘದ ಕಚೇರಿಗೆ ಬಂದಾಗ ರಜೆ, ಗ್ರ್ಯಾಚುಯಿಟಿ, ಪ್ರಾವಿಡೆಂಟ್ ಫಂಡುಗಳ ಮಾತು ಮುಗಿದ ಮೇಲೂ ಎದ್ದು ಹೋಗುವುದಿಲ್ಲ. ಕಿಸೆಯಿಂದ ಇನ್ನೊಂದು ಕಾಗದ ತೆಗೆಯುತ್ತಾರೆ. ಮಗಳೋ ಮಗನೋ ಡಿಗ್ರಿಯನ್ನು ಅವಧಿಗೆ ಮೊದಲೇ ಮುಗಿಸಬಹುದಂತೆ. ಒಂದು ಕಂಪನಿ ಆರು ತಿಂಗಳ ಇಂಟರ್ನ್‌ಶಿಪ್‌ಗೆ ಕರೆದಿದೆ, ಸಂಬಳ ಮಾತ್ರ ಇಲ್ಲ. ಇತ್ತ ಬ್ಯಾಂಕಿನ ವಿದ್ಯಾಸಾಲ ಹಾಗೆಯೇ ನಿಂತಿದೆ. ಏನು ಮಾಡಬೇಕು ಎಂದು ಕೇಳುತ್ತಾರೆ. ನಮ್ಮಲ್ಲಿ ಹೆಚ್ಚಿನವರು ಏಳನೆಯ ತರಗತಿ ದಾಟಿದವರಲ್ಲ. ಆದರೆ ಮೇಜು ಮೇಜಿನ ಬಿಲ್ಲನ್ನು ಬಾಯಲ್ಲೇ ಕೂಡಿಸಿ ಗಲ್ಲಾಕ್ಕೆ ಕೂಗಿ ಹೇಳಿದವರು ನಾವು. ಈ ಪ್ರಶ್ನೆಯನ್ನೂ ಲೆಕ್ಕ ಹಾಕಿಯೇ ನೋಡೋಣ.

ಇಂಟರ್ನ್‌ಶಿಪ್ ಎಂಬ ಮಾತು ಹೊಸದು, ಸಂಗತಿ ಹಳೆಯದು. ಊರಿನಿಂದ ಬಂದ ಹುಡುಗ ಊಟಕ್ಕೆ ಮತ್ತು ಮಲಗಲು ಜಾಗಕ್ಕೆ ಕ್ಲೀನರ್ ಆಗಿ ನಿಲ್ಲುತ್ತಿದ್ದುದು ಅದೇ. ಗಿರಣಿಯಲ್ಲಿ ಅಣ್ಣನ ಮಗ್ಗದ ಪಕ್ಕ ಕೂಲಿಯಿಲ್ಲದೆ ನಿಂತು ಕೆಲಸ ಕಲಿತು, ಆಮೇಲೆ ಬದಲಿಯಾಗಿ ದಿನವೂ ಗೇಟಿನಲ್ಲಿ ಕಾಯುತ್ತಿದ್ದುದೂ ಅದೇ. ಆದರೆ ಒಂದು ಭೇದವಿದೆ. ಆ ಹುಡುಗ ಬರಿಗೈಯಲ್ಲಿ ನಿಂತಿದ್ದ. ಇಂದಿನ ಹುಡುಗಿ ನಾಲ್ಕು ಲಕ್ಷ ರೂಪಾಯಿ ಸಾಲ ಹೊತ್ತು ನಿಲ್ಲುತ್ತಾಳೆ.

ಮೊದಲು ಬೇಗ ಮುಗಿಸುವ ಮಾತು. ವಿಶ್ವವಿದ್ಯಾಲಯ ಅನುದಾನ ಆಯೋಗವು 2024ರ ನವೆಂಬರಿನಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷದ ಪದವಿಯನ್ನು ಆರು ಸೆಮಿಸ್ಟರಿನ ಬದಲು ಐದರಲ್ಲಿ, ನಾಲ್ಕು ವರ್ಷದ್ದನ್ನು ಆರು ಅಥವಾ ಏಳರಲ್ಲಿ ಮುಗಿಸಬಹುದು. ಆದರೆ ಎಲ್ಲರಿಗೂ ಅಲ್ಲ. ಕಾಲೇಜು ಹೆಚ್ಚೆಂದರೆ ನೂರಕ್ಕೆ ಹತ್ತು ಮಂದಿಗೆ ಈ ಅವಕಾಶ ಕೊಡಬಹುದು, ಅದೂ ಮೊದಲ ಅಥವಾ ಎರಡನೆಯ ಸೆಮಿಸ್ಟರ್ ಮುಗಿದಾಗ ವಿದ್ಯಾರ್ಥಿಯ ಸಾಮರ್ಥ್ಯ ನೋಡಿ. ಕೊನೆಯ ವರ್ಷಕ್ಕೆ ಬಂದ ಮೇಲೆ ಎಚ್ಚರಗೊಂಡು ಕೇಳಿದರೆ ಆಗುವುದಿಲ್ಲ. 2020ರ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಆನರ್ಸಿಗೆ ಸೇರಿ ಮೂರಕ್ಕೇ ಪದವಿ ಪಡೆದು ಹೊರಬರುವ ಇನ್ನೊಂದು ದಾರಿ ಇದೆ. ಮಕ್ಕಳನ್ನು ಉಡುಪಿ, ಮಂಗಳೂರುಗಳಲ್ಲಿ ಓದಿಸುತ್ತಿರುವವರಿಗೆ ಬಹುಮಟ್ಟಿಗೆ ಆ ಮಾತಿಲ್ಲ. ಕರ್ನಾಟಕ ಸರಕಾರ 2024ರಲ್ಲಿ ಮೂರು ವರ್ಷದ ಪದವಿಗೇ ಹಿಂದಿರುಗಿತು.

ಒಂದು ಸೆಮಿಸ್ಟರಿನ ಫೀಸು ಉಳಿಯುವುದು ಸಣ್ಣ ಸಂಗತಿಯಲ್ಲ. ಆ ಕಂತಿನ ಸಾಲವನ್ನು ಬ್ಯಾಂಕಿನಿಂದ ಎತ್ತುವ ಅಗತ್ಯವೇ ಬೀಳುವುದಿಲ್ಲ. ಇಷ್ಟನ್ನು ಕೇಳಿ ಸಂತೋಷಪಡುವವರು ಸಾಲದ ಕರಾರನ್ನೂ ಓದತಕ್ಕದ್ದು. ಬ್ಯಾಂಕುಗಳ ವಿದ್ಯಾಸಾಲದಲ್ಲಿ ಸಾಮಾನ್ಯವಾಗಿ ಓದುವ ಕಾಲಕ್ಕೂ ಓದು ಮುಗಿದ ಮೇಲೆ ಒಂದು ವರ್ಷಕ್ಕೂ ಕಂತು ಕೇಳುವುದಿಲ್ಲ. ಕಂತು ಕೇಳುವುದಿಲ್ಲ ಎಂದರೆ ಬಡ್ಡಿ ಬೀಳುವುದಿಲ್ಲ ಎಂದು ಎಷ್ಟೋ ಬಂಧುಗಳು ತಿಳಿದಿದ್ದಾರೆ. ಬಡ್ಡಿ ಬೀಳುತ್ತದೆ. ಸರಳ ಬಡ್ಡಿಯಾಗಿ ಬೀಳುತ್ತಾ ಹೋಗಿ, ಕಂತು ಆರಂಭವಾಗುವಾಗ ಅಸಲಿಗೆ ಸೇರಿಕೊಳ್ಳುತ್ತದೆ. ಪದವಿ ಆರು ತಿಂಗಳು ಮೊದಲೇ ಮುಗಿದರೆ ಆ ಒಂದು ವರ್ಷದ ಎಣಿಕೆಯೂ ಆರು ತಿಂಗಳು ಮೊದಲೇ ಶುರುವಾಗುತ್ತದೆ. ಸಾಲದ ಪತ್ರದಲ್ಲಿ ತಂದೆಯೋ ತಾಯಿಯೋ ಜೊತೆ ಸಾಲಗಾರರಾಗಿ ಸಹಿ ಹಾಕಿರುತ್ತಾರೆ. ಕಂತು ತಪ್ಪಿದರೆ ಬ್ಯಾಂಕಿನವರು ಹುಡುಕಿಕೊಂಡು ಬರುವುದು ಹೊಟೇಲಿನ ಬಾಗಿಲಿಗೆ.

ಅಂಕಿಗಳನ್ನು ಇಟ್ಟು ನೋಡೋಣ. ನಾಲ್ಕು ಲಕ್ಷ ಸಾಲ, ಬಡ್ಡಿ ನೂರಕ್ಕೆ ಹತ್ತು ಎಂದಿಟ್ಟುಕೊಳ್ಳಿ. ವರ್ಷಕ್ಕೆ 40,000 ರೂಪಾಯಿ ಬಡ್ಡಿ, ಅಂದರೆ ತಿಂಗಳಿಗೆ 3,333. ಕಂತಿಲ್ಲದ ಕಾಲದಲ್ಲಿ ಒಟ್ಟು 80,000 ಸೇರಿಕೊಂಡಿತು ಎಂದಾದರೆ, ಹತ್ತು ವರ್ಷದ ತೀರುವಳಿಗೆ ತಿಂಗಳ ಕಂತು ಸುಮಾರು 5,290ರ ಬದಲು 6,340 ಆಗುತ್ತದೆ. ಈಗ ಸಂಬಳವಿಲ್ಲದ ಆರು ತಿಂಗಳ ಇಂಟರ್ನ್‌ಶಿಪ್ ತೆಗೆದುಕೊಳ್ಳಿ. ಆ ಆರು ತಿಂಗಳ ಬಡ್ಡಿ 20,000. ರೈಲಿನ ಪಾಸು, ಮಧ್ಯಾಹ್ನದ ಊಟ, ಫೋನು, ಕಚೇರಿಗೆ ಒಪ್ಪುವ ಬಟ್ಟೆ ಎಂದು ತಿಂಗಳಿಗೆ 4,000 ಹಿಡಿದರೂ 24,000. ಕೈಯಿಂದ ಹೋದದ್ದು 44,000. ಅದೇ ಕಾಲದಲ್ಲಿ ತಿಂಗಳಿಗೆ 15,000ದ ಸಣ್ಣ ನೌಕರಿ ಸಿಕ್ಕಿದ್ದರೆ ಬರುತ್ತಿದ್ದ 90,000ವನ್ನೂ ಕೂಡಿಸಿ. ಬೇಗ ಮುಗಿಸಿ ಉಳಿಸಿದ ಸೆಮಿಸ್ಟರಿನ ಫೀಸು ಎಷ್ಟು, ಇಲ್ಲಿ ಕಳೆದದ್ದು ಎಷ್ಟು ಎಂದು ಪ್ರತಿಯೊಬ್ಬರೂ ತಮ್ಮ ರಸೀದಿ ನೋಡಿ ಹೇಳಬಲ್ಲರು.

ಇಷ್ಟರಿಂದ ಇಂಟರ್ನ್‌ಶಿಪ್ಪೇ ಬೇಡ ಎನ್ನುವವರು ನಾವಲ್ಲ. ದೊಡ್ಡ ಕಚೇರಿಗಳಲ್ಲಿ ನಮ್ಮ ಮಕ್ಕಳಿಗೆ ಮಾವನಿಲ್ಲ, ಚಿಕ್ಕಪ್ಪನಿಲ್ಲ. ಹೊಟೇಲಿಗಾದರೆ ಊರಿನವರ ಒಂದು ಮಾತು ಸಾಕಿತ್ತು. ಅಲ್ಲಿ ಆ ಮಾತು ನಡೆಯುವುದಿಲ್ಲ. ಒಳಗೆ ಹೋಗಿ ನಾಲ್ಕು ಜನರ ಪರಿಚಯ ಮಾಡಿಕೊಳ್ಳಲು ಅವರಿಗೆ ಇರುವ ಬಾಗಿಲು ಬಹುಮಟ್ಟಿಗೆ ಇದೊಂದೇ. ಅದನ್ನು ಮುಚ್ಚಿಕೊಂಡರೆ ನಷ್ಟ ನಮ್ಮದೇ. ಆದುದರಿಂದ ಹೋಗಬೇಕೋ ಬೇಡವೋ ಎನ್ನುವುದಕ್ಕಿಂತ ಯಾವಾಗ ಹೋಗಬೇಕು ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ಸಂಬಳವಿಲ್ಲದ ಇಂಟರ್ನ್‌ಶಿಪ್ ಮಾಡುವುದೇ ಆದರೆ ಕಾಲೇಜಿನಲ್ಲಿ ಹೆಸರು ಇರುವಾಗಲೇ, ರಜೆಯಲ್ಲಿ, ಒಂದೆರಡು ತಿಂಗಳ ಮಟ್ಟಿಗೆ ಮಾಡಲಿ. ಆಗ ರೈಲಿನಲ್ಲಿ ವಿದ್ಯಾರ್ಥಿಗಳ ರಿಯಾಯಿತಿ ಪಾಸು ಇರುತ್ತದೆ, ಕಾಲೇಜು ಅದಕ್ಕೆ ಕ್ರೆಡಿಟ್ ಕೊಡುವ ಸಂಭವವಿರುತ್ತದೆ, ಕಂತಿನ ಎಣಿಕೆ ಆರಂಭವಾಗಿರುವುದಿಲ್ಲ. ಪದವಿ ಕೈಗೆ ಬಂದ ಮರುದಿನ ಇವೆಲ್ಲವೂ ಹೋಗುತ್ತವೆ. ಪದವಿಯನ್ನು ಬೇಗ ಮುಗಿಸಿ, ಆಮೇಲೆ ಪುಕ್ಕಟೆ ದುಡಿಯಲು ಹೋಗುವುದು ಎರಡು ಕಡೆಯಿಂದಲೂ ಸೋತಂತೆ. ಕಾಲೇಜಿಗೇ ಬಂದು ಕೆಲಸಕ್ಕೆ ಆರಿಸಿಕೊಳ್ಳುವ ಕಂಪನಿಗಳು ಕೊನೆಯ ಸೆಮಿಸ್ಟರಿನಲ್ಲಿ ಬರುವುದಾದರೆ ಆ ಸರದಿಯೂ ತಪ್ಪುತ್ತದೆ. ಸಂಬಳದ ಕೆಲಸದ ಪತ್ರ ಕೈಯಲ್ಲಿದ್ದರೆ ಬೇಗ ಮುಗಿಸಲಿ, ನಾವು ಹರಸುತ್ತೇವೆ. ಮಗಳು ಹೇಗೂ ಮದುವೆಯಾಗಿ ಹೋಗುವವಳು, ಸಾಲ ಹೇಗಾದರೂ ತೀರುತ್ತದೆ ಎಂದು ಅವಳಿಗೆ ಸಿಕ್ಕಿದ ಕೆಲಸಕ್ಕೆ ಅಡ್ಡ ಬರುವ ತಂದೆಗಳನ್ನೂ ಕಂಡಿದ್ದೇವೆ. ಸಾಲಪತ್ರದಲ್ಲಿರುವುದು ಅವಳ ಹೆಸರು, ಅಳಿಯನದಲ್ಲ.

ಹೊಟೇಲ್ ಮ್ಯಾನೇಜ್‌ಮೆಂಟ್ ಓದುವ ಮಕ್ಕಳ ವಿಚಾರ ಹೇಳಲೇಬೇಕು. ಇಂಡಸ್ಟ್ರಿಯಲ್ ಟ್ರೈನಿಂಗ್ ಎಂದು ಅವರು ತಿಂಗಳುಗಟ್ಟಲೆ ದೊಡ್ಡ ಹೊಟೇಲುಗಳಲ್ಲಿ ನಿಲ್ಲಬೇಕು. ತಂದೆ ಸಂಬಳಕ್ಕೆ ತೊಳೆದ ಪ್ಲೇಟನ್ನು ಮಗ ಕಾಲೇಜಿಗೆ ಫೀಸು ಕಟ್ಟಿ ತೊಳೆಯುತ್ತಾನೆ. ಹೊಟೇಲಿನ ನಾಲ್ಕು ವಿಭಾಗಗಳನ್ನೂ ತೋರಿಸಿ ಕಲಿಸಿದರೆ ಅದು ತರಬೇತಿ. ಮದುವೆಯ ಸೀಸನ್ನಿನಲ್ಲಿ ಬ್ಯಾಂಕ್ವೆಟ್ ಹಾಲಿಗೆ ಜನ ಸಾಲದೆಂದು ರಾತ್ರಿ ಎರಡರ ತನಕ ಟ್ರೇ ಹೊರಿಸಿದರೆ ಅದು ಸಂಬಳ ಉಳಿಸುವ ಉಪಾಯ. ಪರಕೀಯರನ್ನು ಮಾತ್ರ ದೂರಿದರೆ ಸಾಲದು. ನಮ್ಮವರೇ ಆದ ಮಾಲಕರು ವಾರ್ಷಿಕೋತ್ಸವದ ವೇದಿಕೆಯಲ್ಲಿ ಪ್ರತಿಭಾವಂತ ವಿದ್ಯಾರ್ಥಿಗಳಿಗೆ ಶಾಲು ಹೊದಿಸಿ ಪುರಸ್ಕಾರ ಕೊಡುತ್ತಾರೆ, ಒಳ್ಳೆಯದು. ತಮ್ಮ ಆಫೀಸಿನ ಅಕೌಂಟ್ಸ್ ವಿಭಾಗದಲ್ಲಿ ಅನುಭವದ ಹೆಸರಲ್ಲಿ ಕೂರಿಸಿದ ಹುಡುಗನಿಗೂ ತಿಂಗಳ ಕೊನೆಗೆ ಒಂದು ಲಕೋಟೆ ಕೊಡಲಿ.

ಸಂಬಳದೊಂದಿಗೆ ಕಲಿಯುವ ದಾರಿ ಕಾಯಿದೆಯಲ್ಲೇ ಇದೆ. 1961ರ ಅಪ್ರೆಂಟಿಸ್ ಕಾಯಿದೆಗೆ 1973ರಲ್ಲಿ ಪದವೀಧರರನ್ನೂ ಸೇರಿಸಲಾಯಿತು. 2019ರ ನಿಯಮ ತಿದ್ದುಪಡಿಯಲ್ಲಿ ಪದವೀಧರ ಅಪ್ರೆಂಟಿಸರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಸ್ಟೈಪೆಂಡು ಎಂದು ಗೊತ್ತುಮಾಡಿದರು. ಮೇಲಿನ ಲೆಕ್ಕಕ್ಕೆ ಇದನ್ನು ಹಾಕಿ ನೋಡಿ: ಆರು ತಿಂಗಳಿಗೆ 54,000. ಖರ್ಚು ಮತ್ತು ಬಡ್ಡಿ ಎರಡೂ ಕಳೆದು 10,000 ಉಳಿಯುತ್ತದೆ. ಕರಾರು ನೋಂದಣಿಯಾಗುತ್ತದೆ, ಕೆಲಸದಲ್ಲಿ ಗಾಯವಾದರೆ ಪರಿಹಾರ ಉಂಟು. ಕೊರತೆಗಳೂ ಇವೆ. ಅಪ್ರೆಂಟಿಸನು ತರಬೇತಿದಾರನೇ ಹೊರತು ಕಾರ್ಮಿಕನಲ್ಲ ಎಂದು ಕಾಯಿದೆಯೇ ಹೇಳುತ್ತದೆ. ಮುಗಿದ ಮೇಲೆ ನೌಕರಿ ಕೊಡಲೇಬೇಕೆಂಬ ಕಟ್ಟು ಸಾಮಾನ್ಯವಾಗಿ ಇಲ್ಲ. ಬದಲಿಯಾಗಿ ವರ್ಷಾನುಗಟ್ಟಲೆ ಕಾದ ಗಿರಣಿ ಬಂಧುಗಳಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಬರಿಗೈಗಿಂತ ಇದು ಮೇಲು. ಕೇಂದ್ರ ಸರಕಾರ 2024ರಲ್ಲಿ ಆರಂಭಿಸಿದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯಲ್ಲಿ ತಿಂಗಳಿಗೆ 5,000 ರೂಪಾಯಿ ಇಟ್ಟಿತ್ತು, ವಯಸ್ಸು 21ರಿಂದ 24 ಎಂದಿತ್ತು. ಬೇಗ ಓದಿ ಇಪ್ಪತ್ತಕ್ಕೇ ಪದವಿ ಪಡೆದ ಜಾಣೆಗೆ ಆ ನಿಯಮದಂತೆ ಅಲ್ಲಿ ಜಾಗವೇ ಇರಲಿಲ್ಲ! ಅರ್ಜಿ ಹಾಕುವ ಮೊದಲು ಆಗಿನ ನಿಯಮ ನೋಡಿಕೊಳ್ಳಬೇಕು.

ಇನ್ನು ಬ್ಯಾಂಕಿನಲ್ಲಿ ಕೇಳಬೇಕಾದ ಮಾತುಗಳು. ಮನೆಯ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದು, ಮಾನ್ಯತೆ ಪಡೆದ ಕಾಲೇಜಿನ ವೃತ್ತಿಪರ ಅಥವಾ ತಾಂತ್ರಿಕ ಓದಾದರೆ, ಕಂತಿಲ್ಲದ ಕಾಲದ ಬಡ್ಡಿಯನ್ನು ಕೇಂದ್ರ ಸರಕಾರ ಭರಿಸುವ ಯೋಜನೆಯೊಂದಿದೆ. ನಮ್ಮಲ್ಲಿ ಅನೇಕರು ಆ ಆದಾಯದ ಮಿತಿಯೊಳಗೆ ಬರುತ್ತಾರೆ, ಆದಾಯ ಪ್ರಮಾಣ ಪತ್ರ ಮಾಡಿಸಿರುವುದಿಲ್ಲ. ಓದುವಾಗಲೇ ಬಡ್ಡಿ ಕಟ್ಟುತ್ತಾ ಹೋದರೆ ಕೆಲವು ಬ್ಯಾಂಕುಗಳು ದರದಲ್ಲಿ ನೂರಕ್ಕೆ ಒಂದರಷ್ಟು ಬಿಡುತ್ತವೆ. ಪದವಿ ಬೇಗ ಮುಗಿದರೆ ಮೊದಲ ಕಂತು ಯಾವ ತಿಂಗಳು ಎಂಬುದನ್ನು ಮ್ಯಾನೇಜರರ ಬಾಯಿಮಾತಿನಿಂದಲ್ಲ, ಬರವಣಿಗೆಯಲ್ಲಿ ಪಡೆಯಬೇಕು.

ಮಧ್ಯಾಹ್ನದ ಊಟದ ಗಿರಾಕಿ ಕಡಿಮೆಯಾಗುವ ಹೊತ್ತು, ಅಂದರೆ ಮೂರರಿಂದ ಐದರ ತನಕ, ಸಂಘದ ಕಚೇರಿಯಲ್ಲಿ ಈ ಕಾಗದಗಳನ್ನು ಓದಿ ಹೇಳಲು ನಾವು ಕುಳಿತಿರುತ್ತೇವೆ. ಸಾಲದ ಮಂಜೂರಾತಿ ಪತ್ರ, ಫೀಸಿನ ರಸೀದಿ, ಕಂಪನಿಯ ಪತ್ರ ಈ ಮೂರನ್ನೂ ತನ್ನಿ. ಮಗಳನ್ನೋ ಮಗನನ್ನೋ ಜೊತೆಗೆ ಕರೆದುಕೊಂಡು ಬನ್ನಿ. ಇಂಗ್ಲಿಷಿನ ಸಣ್ಣ ಅಕ್ಷರಗಳನ್ನು ಅವರು ಓದಲಿ, ಲೆಕ್ಕವನ್ನು ನಾವು ಹಾಕೋಣ.