‘ನಾರ್ಮಲ್’ ಎಂಬ ಶರಾ

ಅರಸೀಕೆರೆಯಿಂದ ಬಾಣಾವರ, ಜಾವಗಲ್, ಹಳೇಬೀಡುಗಳ ಮೇಲೆ ಬೇಲೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 73 ಯಾತ್ರಿಕರ ಮಾರ್ಗ. ಹೊಯ್ಸಳ ದೇವಾಲಯಗಳು 2023ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿರುವುದರಿಂದ ಅಲ್ಲಿನ ಸಂಚಾರ ಇಳಿಯುವಂತಿಲ್ಲ. 2022ನೆಯ ಅಕ್ಟೋಬರ್ 15ರ ರಾತ್ರಿ ಬಾಣಾವರದ ಸಮೀಪ ಯಾತ್ರಿಕರ ಟೆಂಪೋ, ಹಾಲಿನ ಟ್ಯಾಂಕರು, ಸರಕಾರಿ ಬಸ್ಸುಗಳ ಅಪಘಾತದಲ್ಲಿ 9 ಮಂದಿ ಮೃತರಾದುದನ್ನು ವಾಚಕರು ಮರೆತಿರಲಾರರು. ಸತ್ತವರ ಲೆಕ್ಕ ಪತ್ರಿಕೆಗಳಲ್ಲಿ ಬರುವುದು. ತಲೆಗೆ ಪೆಟ್ಟುಬಿದ್ದು, ಕ್ಷಣಕಾಲ ಎಚ್ಚರ ತಪ್ಪಿ, ಮರುದಿನ ನಡೆದುಕೊಂಡೇ ಮನೆಗೆ ಹೋಗುವವರ ಲೆಕ್ಕ ಬರುವುದಿಲ್ಲ. ಅರಸೀಕೆರೆ ಸೀಮೆಯಲ್ಲಿ ತೆಂಗಿನ ಮರದಿಂದ ಜಾರಿದವನೂ, ಬೇಲೂರಿನ ಕಡೆ ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದವನೂ ಇದೇ ಪಂಕ್ತಿಯವರು.

ಇಂತಹವನಿಗೆ ಸಿ.ಟಿ. ಸ್ಕ್ಯಾನ್ ಆಗಿ ‘ನಾರ್ಮಲ್’ ಎಂಬ ಶರಾ ಬಿದ್ದಿತೆಂದರೆ ಎಲ್ಲವೂ ಮುಗಿದಂತೆ. ಗ್ಲಾಸ್ಗೋ ಮಾನದಲ್ಲಿ 15ಕ್ಕೆ 13 ಅಥವಾ ಅದಕ್ಕೂ ಮೇಲೆ ಅಂಕ ಬಂದವನ ಪೆಟ್ಟನ್ನು ವೈದ್ಯರು ‘ಸೌಮ್ಯ’ವೆನ್ನುವರು, ಪ್ರಾಣಾಪಾಯದ ದೃಷ್ಟಿಯಿಂದ ಅದು ಸರಿಯೇ. ಆದರೆ ತಿಂಗಳಾದರೂ ಗುಮಾಸ್ತನಿಗೆ ಒಂದು ಪುಟದ ಲೆಕ್ಕ ಕೂಡಿಬಾರದು, ಹೇಳಿದ ಮಾತು ನೆನಪಿನಲ್ಲಿ ನಿಲ್ಲದು, ಸದ್ದು ಸಹಿಸದು, ನಿದ್ರೆ ಬಾರದು. ಬಹುಮಂದಿಗೆ ಕೆಲವು ವಾರಗಳಲ್ಲಿ ಇದೆಲ್ಲ ತಾನಾಗಿಯೇ ಇಳಿಯುವುದು. ಇಳಿಯದವನಿಗೆ ಕಚೇರಿಯಲ್ಲಿ ಮೈಗಳ್ಳನೆಂಬ ಹೆಸರು!

ಸ್ಕ್ಯಾನ್ ಸುಳ್ಳು ಹೇಳಿತೆಂದಲ್ಲ. 1971ರಲ್ಲಿ ಇಂಗ್ಲೆಂಡಿನಲ್ಲಿ ಹೌನ್ಸ್‌ಫೀಲ್ಡನ ಯಂತ್ರವು ಮೊದಲ ರೋಗಿಯ ತಲೆಯನ್ನು ಚಿತ್ರಿಸಿದಂದಿನಿಂದ, ರಕ್ತಸ್ರಾವವನ್ನೂ ಮೂಳೆಯ ಮುರಿತವನ್ನೂ ತೋರಿಸಿ ಅದು ಅಸಂಖ್ಯ ಜೀವಗಳನ್ನು ಉಳಿಸಿದೆ. ತಲೆ ಗಕ್ಕನೆ ತಿರುಗಿದಾಗ ಮಿದುಳಿನ ನರತಂತುಗಳು ಎಳೆತಕ್ಕೆ ಸಿಕ್ಕಿ ನಲುಗುವುದು ಮಾತ್ರ ಅದಕ್ಕೆ ಕಾಣದು. ಎಂ.ಆರ್.ಐ. ಇನ್ನಷ್ಟು ಕಾಣಬಲ್ಲದು: ಅಮೆರಿಕದಲ್ಲಿ 2013ರಲ್ಲಿ ಪ್ರಕಟವಾದ ಒಂದು ಪರಿಶೋಧನೆಯಲ್ಲಿ, ಸಿ.ಟಿ.ಯಲ್ಲಿ ಏನೂ ಕಾಣದ ಸೌಮ್ಯ ಪೆಟ್ಟಿನವರಲ್ಲಿ 100ಕ್ಕೆ 27 ಮಂದಿಗೆ ಎಂ.ಆರ್.ಐ.ಯಲ್ಲಿ ದೋಷ ಕಂಡುಬಂದಿತು. ತಂತುಗಳ ಗುಂಟ ನೀರಿನ ಚಲನೆಯನ್ನು ಅಳೆಯುವ ಡಿಫ್ಯೂಷನ್ ಟೆನ್ಸರ್ ಕ್ರಮವೂ ಉಂಟು. ಅದು ಗುಂಪುಗಳನ್ನು ಹೋಲಿಸಲು ಯೋಗ್ಯವೇ ಹೊರತು ಒಬ್ಬನ ವಿಷಯದಲ್ಲಿ ತೀರ್ಪು ಕೊಡುವಷ್ಟು ಇನ್ನೂ ಬಲಿತಿಲ್ಲ. ಆದುದರಿಂದ ತಾಲ್ಲೂಕಿಗೊಂದು ಎಂ.ಆರ್.ಐ. ಬೇಕೆಂಬ ಕೂಗೆದ್ದರೆ ನಾವು ಅದಕ್ಕೆ ದನಿಗೂಡಿಸಲಾರೆವು.

ಇಲ್ಲಿ ಬೇಕಾದುದು ಕಾಗದ, ಪೆನ್ಸಿಲು, ತರಬೇತಾದ ಮನಶ್ಶಾಸ್ತ್ರಜ್ಞರು ಮತ್ತು ಕೆಲವು ಗಂಟೆಗಳ ಸಾವಧಾನ. ಗಮನ, ನೆನಪು, ಯೋಚನೆಯ ವೇಗಗಳನ್ನು ಅಳೆಯುವ ಪರೀಕ್ಷಾಕ್ರಮವನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು, ನಮ್ಮವರ ವಯಸ್ಸು ವಿದ್ಯಾಭ್ಯಾಸಗಳಿಗೆ ತಕ್ಕ ಮಾನಗಳೊಡನೆ, 2004ರಲ್ಲಿಯೇ ಪ್ರಕಟಿಸಿದ್ದಾರೆ. ಅದಕ್ಕಾಗಿ ಅರಸೀಕೆರೆಯ ರೋಗಿ ಬೆಂಗಳೂರಿನ ರೈಲು ಹತ್ತುವಂತಾಗಕೂಡದು. ಸರಕಾರದವರೂ ನಿಮ್ಹಾನ್ಸಿನವರೂ ಕೂಡಿ 2022ರಲ್ಲಿ ಆರಂಭಿಸಿದ ಮಿದುಳು ಆರೋಗ್ಯದ ಯೋಜನೆಯು ಪಾರ್ಶ್ವವಾಯು, ಮೂರ್ಛೆರೋಗ, ಮರೆವಿನ ರೋಗ, ತಲೆನೋವುಗಳನ್ನು ಕೈಗೆತ್ತಿಕೊಂಡಿದೆಯಷ್ಟೆ. ತಲೆಪೆಟ್ಟಿನವರ ಮರುಪರೀಕ್ಷೆಯನ್ನೂ ಅದರಲ್ಲಿ ನಡೆಸತಕ್ಕದ್ದು.

ಕಾನೂನು ಇದಕ್ಕೆ ಅಡ್ಡಿಯಲ್ಲ. 2024ನೆಯ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 116ನೆಯ ಕಲಮು, 15 ದಿನ ನಿತ್ಯದ ಉದ್ಯೋಗ ಮಾಡಲಾಗದಂತೆ ಮಾಡಿದ ಗಾಯವನ್ನೂ ತೀವ್ರ ಗಾಯವೆಂದೇ ಎಣಿಸುವುದು. ಹಿಂದಿನ ದಂಡಸಂಹಿತೆಯಲ್ಲಿ 20 ದಿನವಿತ್ತು. ಹೀಗಿರಲು ಮೊದಲ ದಿನದ ಸ್ಕ್ಯಾನನ್ನೇ ನಂಬಿ ‘ಸಾಧಾರಣ ಗಾಯ’ವೆಂದು ಪ್ರಮಾಣಪತ್ರ ಬರೆದು ಕೈತೊಳೆದುಕೊಳ್ಳುವುದು ಯಾವ ನ್ಯಾಯ? ಪರಿಹಾರದ ನ್ಯಾಯಮಂಡಳಿಯ ಮುಂದೆ ಬಡವನ ಕೈಯಲ್ಲಿರುವ ಆಧಾರವಾದರೂ ಆ ಕಾಗದವೇ. ಮೂರು ವಾರಗಳ ಮರುಪರೀಕ್ಷೆಯ ತಾರೀಖನ್ನು ಬಿಡುಗಡೆಯ ಚೀಟಿಯ ಮೇಲೆಯೇ ಬರೆದುಕೊಡುವಂತೆ ಹಾಸನ ಜಿಲ್ಲೆಯ ಅಧಿಕಾರಿಗಳು ಸರಕಾರಿ ಆಸ್ಪತ್ರೆಗಳಿಗೆ ಈಗಲೇ ಸೂಚಿಸಬಹುದು. ಅದಕ್ಕೆ ಹೊಸ ಹಣದ ಮಂಜೂರಾತಿಯೂ ಬೇಕಾಗಿಲ್ಲ.